ಮೀನಿನ ಟ್ಯಾಂಕ್ ರಾತ್ರಿಯೆಲ್ಲ ಯಾಕೆ ಗೊರಕೆ ಹೊಡೆಯುತ್ತದೆ?

ಹೋದ ವರ್ಷ ನಮ್ಮ ಮನೆಗೆ ನಾಲ್ಕು ಅಡಿ ಉದ್ದದ ಮೀನಿನ ಟ್ಯಾಂಕ್ ಬಂತು. ಕೋಲಾರದ ನಮ್ಮ ಮನೆ ದೊಡ್ಡದೇನಲ್ಲ. ಹಾಲಿನ ಗೋಡೆಯ ಆಚೆಗೇ ಮಲಗುವ ಕೋಣೆ. ಹಗಲೆಲ್ಲ ಟಿ.ವಿ., ಮಿಕ್ಸಿ, ಬೀದಿಯಲ್ಲಿ ತರಕಾರಿ ಗಾಡಿಯ ಮೈಕು. ಇದರ ನಡುವೆ ಟ್ಯಾಂಕಿನ ಸದ್ದು ಯಾರ ಕಿವಿಗೂ ಬೀಳಲಿಲ್ಲ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಿದ ಮೇಲೆ ಶುರುವಾಯಿತು ನೋಡಿ. ಗುಳುಗುಳು, ಗುಳುಗುಳು, ಆಮೇಲೆ ಉದ್ದಕ್ಕೆ ಒಂದು ‘ಸೊರ್ರ್’. ಒಂದು ನಿಮಿಷ ಮೌನ. ಮತ್ತೆ ಗುಳುಗುಳು. ಗೊರಕೆ ಹೊಡೆಯುವ ನೆಂಟರೊಬ್ಬರು ಬಂದು ಹಾಲಿನಲ್ಲಿ ಮಲಗಿದ ಹಾಗಿತ್ತು.

ಟ್ಯಾಂಕ್ ಕೂರಿಸಿಕೊಟ್ಟ ಅಂಗಡಿಗೆ ಫೋನ್ ಮಾಡಿದೆ. “ಹೊಸದರಲ್ಲಿ ಹಾಗೇ ಸಾರ್, ಅಭ್ಯಾಸ ಆಗುತ್ತೆ” ಅಂದರು. ಆಗಲಿಲ್ಲ. ಮೂರನೇ ರಾತ್ರಿ ಹೆಂಡತಿ ಪಂಪಿನ ಸ್ವಿಚ್ಚನ್ನೇ ಆರಿಸಿ ಮಲಗಿದಳು. ಬೆಳಗ್ಗೆ ಎದ್ದು ನೋಡಿದರೆ ಮೀನುಗಳೆಲ್ಲ ನೀರಿನ ಮೇಲ್ಗಡೆ ಬಂದು ಬಾಯಿ ಆಡಿಸುತ್ತಿದ್ದವು. ಪಂಪ್ ನಿಂತರೆ ಫಿಲ್ಟರ್ ನಿಲ್ಲುತ್ತದೆ, ನೀರು ಕಲಕುವುದು ನಿಲ್ಲುತ್ತದೆ, ನೀರಿಗೆ ಗಾಳಿ ಬೆರೆಯುವುದು ಕಡಿಮೆಯಾಗುತ್ತದೆ. ಅಂದರೆ ಪಂಪ್ ಓಡುತ್ತಲೇ ಇರಬೇಕು, ಸದ್ದು ಮಾತ್ರ ಹೋಗಬೇಕು.

ಅದು ಆಗುವ ಕೆಲಸವೇ. ಆದರೆ ಪೈಪಿನೊಳಗೆ ನಡೆಯುವುದೇನು ಅಂತ ಗೊತ್ತಾಗದೆ ಕೈ ಹಾಕಿದರೆ ಮನೆಯ ನೆಲವೆಲ್ಲ ನೀರಾಗುತ್ತದೆ. ನಾನು ಹಾಗೇ ಮಾಡಿಕೊಂಡೆ, ಮುಂದೆ ಹೇಳುತ್ತೇನೆ.

## ಮೇಲಿನ ಕೆರೆ, ಕೆಳಗಿನ ಕೆರೆ

ಚಿಕ್ಕ ಗಾಜಿನ ತೊಟ್ಟಿಯಲ್ಲಿ ಫಿಲ್ಟರ್ ಒಳಗೇ ಇರುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಹೆಚ್ಚಾಗಿ ಕೆಳಗಿನ ಕಪಾಟಿನಲ್ಲಿ ಇನ್ನೊಂದು ತೊಟ್ಟಿ ಇಟ್ಟು, ಫಿಲ್ಟರ್, ಪಂಪ್ ಎಲ್ಲವನ್ನೂ ಅದರಲ್ಲಿ ಬಚ್ಚಿಡುತ್ತಾರೆ. ಇದಕ್ಕೆ ಸಂಪ್ ಎನ್ನುತ್ತಾರೆ. ಮನೆ ಮುಂದಿನ ಸಂಪಿಗೂ ಇದಕ್ಕೂ ಹೆಸರು ಒಂದೇ, ಕೆಲಸವೂ ಹೆಚ್ಚು ಕಡಿಮೆ ಒಂದೇ. ಕೆಳಗಿನ ಸಂಪಿನಿಂದ ಮೋಟರ್ ನೀರನ್ನು ಮೇಲಕ್ಕೆ ಎತ್ತುತ್ತದೆ. ಮನೆಯ ಟ್ಯಾಂಕ್ ತುಂಬಿದರೆ ಮೋಟರ್ ಆರಿಸುತ್ತೇವೆ. ಮೀನಿನ ಟ್ಯಾಂಕಿನಲ್ಲಿ ಆರಿಸುವ ಮಾತೇ ಇಲ್ಲ. ಅದು ದಿನದ 24 ಗಂಟೆಯೂ ತುಂಬಿ ಹರಿಯುತ್ತಿರಬೇಕು, ಹರಿದದ್ದೆಲ್ಲ ಮತ್ತೆ ಸಂಪಿಗೆ ಇಳಿಯಬೇಕು.

ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಕೋಲಾರದಲ್ಲಿ ಹಳೆಯವರು ಕೆರೆಗಳನ್ನು ಸರಪಳಿಯ ಹಾಗೆ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಹೋದರೆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ ಸೇರುತ್ತದೆ. 2021ರ ನವೆಂಬರ್ ಮಳೆಯಲ್ಲಿ ಎಷ್ಟೋ ಕೆರೆಗಳ ಕೋಡಿ ಹರಿದದ್ದನ್ನು ನಾವೆಲ್ಲ ನೋಡಿದ್ದೇವೆ. ಟ್ಯಾಂಕಿನ ಮೂಲೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಅಂಚಿರುವ ಒಂದು ಗಾಜಿನ ಪೆಟ್ಟಿಗೆ ಇರುತ್ತದಲ್ಲ, ಅದೇ ಈ ಟ್ಯಾಂಕಿನ ಕೋಡಿ. ನೀರು ಆ ಹಲ್ಲುಗಳ ಮೇಲಿಂದ ಪೆಟ್ಟಿಗೆಗೆ ಬಿದ್ದು, ಪೆಟ್ಟಿಗೆಯ ತಳದ ತೂತಿಗೆ ಜೋಡಿಸಿದ ಪೈಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಮತ್ತೆ ಮೇಲಕ್ಕೆ ಎತ್ತುವುದು ಪಂಪಿನ ಪಾಲು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಪಂಪ್ ಮಾಡಿ ಲಕ್ಷ್ಮೀಸಾಗರ ಕೆರೆಗೆ ತಂದು, ಅಲ್ಲಿಂದ ಮುಂದಿನ ಕೆರೆಗಳಿಗೆ ಹರಿಸುತ್ತಿದ್ದಾರಲ್ಲ, ಅದನ್ನು ಮೂರೂವರೆ ಅಡಿ ಎತ್ತರಕ್ಕೆ ಕುಗ್ಗಿಸಿ ನೋಡಿದರೆ ನಮ್ಮ ಟ್ಯಾಂಕೇ.

ಪಂಪಿನ ದಾರಿಯಲ್ಲಿ ಅಷ್ಟು ಸದ್ದಿಲ್ಲ. ಗಲಾಟೆ ಎಲ್ಲ ಇಳಿಯುವ ದಾರಿಯಲ್ಲಿ.

## ಸದ್ದು ಮಾಡುವುದು ಯಾರು?

ನೀರು ಅಂತ ನಾನೂ ಅಂದುಕೊಂಡಿದ್ದೆ. ಕೋಲಾರದ ಬೆಟ್ಟದ ಅಂತರಗಂಗೆಯಲ್ಲಿ ಬಸವನ ಬಾಯಿಂದ ಬೀಳುವ ನೀರನ್ನು ಒಮ್ಮೆ ಹತ್ತಿರ ನಿಂತು ನೋಡಿ. ಬಾಯಿಂದ ಇಳಿಯುವ ಧಾರೆಗೆ ಹೇಳುವಂಥ ಸದ್ದಿಲ್ಲ. ಅದು ಕೆಳಗಿನ ನೀರನ್ನು ಮುಟ್ಟುವ ಜಾಗದಲ್ಲಿ ಸದ್ದು ಹುಟ್ಟುತ್ತದೆ. ಅಲ್ಲಿ ಧಾರೆ ತನ್ನ ಜೊತೆ ಗಾಳಿಯನ್ನು ಎಳೆದುಕೊಂಡು ನೀರಿನೊಳಗೆ ಮುಳುಗುತ್ತದೆ, ಗಾಳಿ ಗುಳ್ಳೆಯಾಗುತ್ತದೆ. ಹೊಸದಾಗಿ ಹುಟ್ಟಿದ ಪ್ರತಿ ಗುಳ್ಳೆಯೂ ತಟ್ಟಿದ ಗಂಟೆಯ ಹಾಗೆ ಕಂಪಿಸುತ್ತದೆ. ನಾವು ಕೇಳುವ ಜುಳುಜುಳು, ಬುಳುಬುಳು ಹೆಚ್ಚಿನದು ಈ ಕಂಪನವೇ.

ನೆದರ್‌ಲೆಂಡ್ಸ್‌ನಲ್ಲಿದ್ದ ಖಗೋಳ ವಿಜ್ಞಾನಿ ಮಾರ್ಸೆಲ್ ಮಿನ್ನಾರ್ಟ್ 1933ರಲ್ಲಿ ಇದರ ಲೆಕ್ಕ ಕಟ್ಟಿಕೊಟ್ಟರು. ನಕ್ಷತ್ರ ನೋಡುವವರಿಗೆ ನೀರಿನ ಗುಳ್ಳೆಯ ಉಸಾಬರಿ ಯಾಕೋ! ಅವರ ಲೆಕ್ಕದಂತೆ 2 ಮಿ.ಮೀ. ಅಗಲದ ಗುಳ್ಳೆ ನೀರಿನಲ್ಲಿ ಸೆಕೆಂಡಿಗೆ ಸುಮಾರು 3,300 ಸಲ ಕಂಪಿಸುತ್ತದೆ. 2 ಸೆಂ.ಮೀ. ಅಗಲದ್ದಾದರೆ ಸುಮಾರು 330 ಸಲ. ಗುಳ್ಳೆ ಹತ್ತು ಪಟ್ಟು ದೊಡ್ಡದಾದರೆ ದನಿ ಹತ್ತು ಪಟ್ಟು ಕೆಳಗಿಳಿಯುತ್ತದೆ. ಸಣ್ಣ ಗುಳ್ಳೆಗಳ ಗುಂಪು ‘ಸುರ್ರ್’ ಎನ್ನುವುದೂ, ದೊಡ್ಡ ಗುಳ್ಳೆ ‘ಗ್ಳುಕ್’ ಎನ್ನುವುದೂ ಇದಕ್ಕೇ. ನಮ್ಮ ಭಾಷೆಯಲ್ಲಿ ನೀರಿನ ಸದ್ದಿಗೆ ಇಷ್ಟೊಂದು ಪದ ಇರುವುದು ಸುಮ್ನೆ ಅಲ್ಲ.

ಹಾಗಾಗಿ ನಾವು ಹಿಡಿಯಬೇಕಾದದ್ದು ಗಾಳಿಯನ್ನು. ಪೈಪಿನೊಳಗೆ ನೀರಿನ ಜೊತೆ ಗಾಳಿ ಹೇಗೆ ಸೇರುತ್ತದೆ, ಎಲ್ಲಿ ಸೇರುತ್ತದೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

## ಒಂದು ಪೈಪು, ಮೂರು ಸ್ಥಿತಿ

ತುಂಬಿದ ಬಾಟಲಿಯನ್ನು ಬುಡಮೇಲು ಮಾಡಿ. ಗ್ಳುಕ್ ಗ್ಳುಕ್ ಅಂತ ತಡೆತಡೆದು ಬರುತ್ತದೆ. ಒಂದೇ ಬಾಯಿಂದ ನೀರು ಹೊರಗೆ ಬರಬೇಕು, ಗಾಳಿ ಒಳಗೆ ಹೋಗಬೇಕು. ಇಬ್ಬರೂ ಒಂದೇ ಬಾಗಿಲಲ್ಲಿ ನುಗ್ಗಾಡುತ್ತಾರೆ. ಬಾಟಲಿಯ ತಳಕ್ಕೆ ಒಂದು ಮೊಳೆ ತೂತು ಹೊಡೆದರೆ ಗಾಳಿಗೆ ಬೇರೆ ಬಾಗಿಲು ಸಿಕ್ಕಿತು. ಆಗ ನೀರು ಒಂದೇ ಧಾರೆಯಾಗಿ ಸುಮ್ಮನೆ ಇಳಿಯುತ್ತದೆ.

ಟ್ಯಾಂಕಿನ ಇಳಿಯುವ ಪೈಪಿನಲ್ಲೂ ಹಾಗೆಯೇ. ನೀರು ತೀರಾ ಕಡಿಮೆ ಇದ್ದರೆ ಅದು ಪೈಪಿನ ಒಳಗೋಡೆಗೆ ಅಂಟಿಕೊಂಡು ತೆಳ್ಳಗೆ ಜಾರುತ್ತದೆ, ನಡುವೆ ಗಾಳಿ ತನ್ನ ಪಾಡಿಗೆ ಇರುತ್ತದೆ. ಸದ್ದು ಕಡಿಮೆ. ನೀರು ತುಂಬ ಜಾಸ್ತಿಯಾಗಿ ಪೈಪು ಪೂರ್ತಿ ತುಂಬಿಬಿಟ್ಟರೆ ಗಾಳಿಗೆ ಜಾಗವೇ ಇರುವುದಿಲ್ಲ. ಆಗಲೂ ಸದ್ದಿಲ್ಲ. ಡೀಸೆಲ್ ಡ್ರಮ್ಮಿಗೆ ಟ್ಯೂಬು ಇಳಿಸಿ ಬಾಯಲ್ಲಿ ಒಮ್ಮೆ ಎಳೆದು ಬಿಟ್ಟರೆ ಆಮೇಲೆ ಅದರ ಪಾಡಿಗದು ಹರಿಯುತ್ತದಲ್ಲ, ಟ್ಯೂಬಿನಲ್ಲಿ ಗಾಳಿ ಇಲ್ಲದಿದ್ದರೆ ಒಂದು ಚೂರೂ ಸದ್ದು ಬರುವುದಿಲ್ಲ. ಇದನ್ನು ಸೈಫನ್ ಎನ್ನುತ್ತಾರೆ. ಮೀನು ಸಾಕುವವರು ಟ್ಯಾಂಕಿನ ತುಂಬಿದ ಪೈಪಿಗೂ ಇದೇ ಹೆಸರು ಬಳಸುತ್ತಾರೆ.

ತೊಂದರೆ ಎಲ್ಲ ಇವೆರಡರ ನಡುವಿನ ಸ್ಥಿತಿಯಲ್ಲಿ. ಪೈಪು ತುಂಬುವಷ್ಟು ನೀರಿಲ್ಲ, ಗಾಳಿ ಆರಾಮಾಗಿ ಹೋಗುವಷ್ಟು ಖಾಲಿಯೂ ಇಲ್ಲ. ನೀರಿನ ಮುದ್ದೆ, ಗಾಳಿಯ ಮುದ್ದೆ, ಮತ್ತೆ ನೀರಿನ ಮುದ್ದೆ. ನೀರು ಕಡಿಮೆಯಾದ ಬೋರ್‌ವೆಲ್ ಗಾಳಿ ಉಗುಳುತ್ತಾ, ಕೆಮ್ಮುತ್ತಾ ನೀರು ಬಿಡುವುದನ್ನು ನೋಡದ ರೈತ ನಮ್ಮ ಜಿಲ್ಲೆಯಲ್ಲಿ ಯಾರಿದ್ದಾರೆ? ಅದೇ ಸದ್ದು, ಅದೇ ಕಾರಣ.

ಇನ್ನು ನಮ್ಮ ಮನೆಯ ‘ಸೊರ್ರ್, ಮೌನ, ಗುಳುಗುಳು’ ಸುತ್ತು. ಪೆಟ್ಟಿಗೆಯಲ್ಲಿ ನೀರು ಏರುತ್ತಾ ಏರುತ್ತಾ ಪೈಪಿನ ಬಾಯಿ ಮುಳುಗುತ್ತದೆ. ಪೈಪು ತುಂಬಿ ಸೈಫನ್ ಶುರುವಾಗುತ್ತದೆ. ತುಂಬಿದ ಪೈಪು ಪಂಪ್ ಕೊಡುವುದಕ್ಕಿಂತ ಬೇಗ ನೀರೆಳೆಯುತ್ತದೆ, ಪೆಟ್ಟಿಗೆಯ ಮಟ್ಟ ಸರ್ರನೆ ಇಳಿಯುತ್ತದೆ. ಬಾಯಿ ಹೊರಬಂದ ಕೂಡಲೇ ಗಾಳಿ ನುಗ್ಗುತ್ತದೆ. ಎಳನೀರಿನ ಕೊನೆಯ ಗುಟುಕನ್ನು ಸ್ಟ್ರಾದಲ್ಲಿ ಎಳೆದಾಗ ಬರುವ ಸದ್ದು ನೆನಪಿಸಿಕೊಳ್ಳಿ. ಆಮೇಲೆ ಸೈಫನ್ ಮುರಿಯುತ್ತದೆ, ನೀರು ಮತ್ತೆ ಏರಲು ಶುರು. ರಾತ್ರಿಯಿಡೀ ಇದೇ.

ಒಂದು ಲೆಕ್ಕ ನೋಡಿದರೆ ಯಾಕೆ ಹೀಗಾಗುತ್ತದೆ ಅಂತ ಗೊತ್ತಾಗುತ್ತದೆ. 1 ಇಂಚಿನ ಪೈಪು, 70 ಸೆಂ.ಮೀ. ಇಳಿತ, ಒಂದೆರಡು ಬೆಂಡ್ ಅಂತ ಇಟ್ಟುಕೊಳ್ಳಿ. ಗಾಳಿಯಿಲ್ಲದೆ ತುಂಬಿ ಹರಿದರೆ ಗಂಟೆಗೆ 3,000 ಲೀಟರಿಗೂ ಜಾಸ್ತಿ ಇಳಿಸಬಲ್ಲದು. ನಮ್ಮಂಥ ಟ್ಯಾಂಕಿನ ಪಂಪ್ ಮೇಲಕ್ಕೆ ಕೊಡುವುದು ಅದಕ್ಕಿಂತ ಎಷ್ಟೋ ಕಡಿಮೆ. ಪೈಪು ಯಾವಾಗಲೂ ಅರ್ಧ ಹಸಿದೇ ಇರುತ್ತದೆ. ಹಸಿದ ಜಾಗಕ್ಕೆ ಗಾಳಿ ಬರುತ್ತದೆ.

ಹಾಗಾದರೆ ದಾರಿ ಎರಡೇ. ಗಾಳಿಗೆ ಪ್ರತ್ಯೇಕ ಬಾಗಿಲು ಕೊಡಬೇಕು, ಇಲ್ಲವೇ ಗಾಳಿಯನ್ನು ಪೂರ್ತಿ ಹೊರಗಿಡಬೇಕು.

## ಕಾಸಿಲ್ಲದ ಕೆಲಸ ಮೊದಲು

ಪೈಪು ಬಿಚ್ಚುವ ಮೊದಲು ಕಪಾಟಿನ ಬಾಗಿಲು ತೆಗೆದು ಕಿವಿ ಕೊಡಿ. ಪಂಪಿನ ‘ಹುಂ’ ಅನ್ನುವ ಒಂದೇ ಸಮನೆ ಸದ್ದು ಬೇರೆ, ಅದು ನೀರಿನದಲ್ಲ. ಪಂಪಿನ ಮೈ ಗಾಜಿಗೆ ತಾಗುತ್ತಿದ್ದರೆ ಇಡೀ ಕಪಾಟು ತಮಟೆಯಾಗುತ್ತದೆ. ಅಡಿಯಲ್ಲಿ ಒಂದು ಸ್ಪಂಜಿನ ತುಂಡು ಇಟ್ಟರೆ ಮುಗಿಯಿತು.

ಮೇಲಿನ ಪೆಟ್ಟಿಗೆಯಿಂದ ಜೋಗದ ಹಾಗೆ ಧೋ ಅನ್ನುತ್ತಿದ್ದರೆ, ಅದು ಹಲ್ಲುಗಳ ಮೇಲಿಂದ ನೀರು ಎತ್ತರದಿಂದ ಬೀಳುವ ಸದ್ದು. ಪೆಟ್ಟಿಗೆಯೊಳಗಿನ ನೀರಿನ ಮಟ್ಟ ಎಷ್ಟು ಕೆಳಗಿದೆಯೋ ಅಷ್ಟು ಗಲಾಟೆ. ಒಳಗೆ ನಿಂತಿರುವ ಪೈಪನ್ನು ಉದ್ದ ಮಾಡಿದರೆ ಮಟ್ಟ ಮೇಲೇರುತ್ತದೆ. ಹೊರಗಿನ ನೀರಿಗೂ ಒಳಗಿನ ನೀರಿಗೂ ಮೂರ್ನಾಲ್ಕು ಸೆಂ.ಮೀ. ಮಾತ್ರ ವ್ಯತ್ಯಾಸ ಇರುವ ಹಾಗೆ ಮಾಡಿ. ಜೋಗ ಹೋಗಿ ಬಚ್ಚಲ ಹೊಸ್ತಿಲಾಗುತ್ತದೆ. ನಮ್ಮಲ್ಲಿ ಅರ್ಧ ಸದ್ದು ಇದರಲ್ಲೇ ಹೋಯಿತು.

ಇನ್ನು ಪಂಪ್. ಅಂಗಡಿಯವರು ಜಾಸ್ತಿ ಇದ್ದರೆ ಒಳ್ಳೆಯದು ಅಂತ ದೊಡ್ಡ ಪಂಪ್ ಕೊಟ್ಟಿರುತ್ತಾರೆ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿಗೆ ಹಿಡಿಯುವುದು ಸುಮಾರು 255 ಲೀಟರ್. ಸಿಹಿನೀರಿನ ಮೀನಿಗೆ ಗಂಟೆಗೆ ನಾಲ್ಕೈದು ಸಲ ನೀರು ತಿರುಗಿದರೆ ಸಾಕು ಎನ್ನುವುದು ಸಾಕುವವರ ರೂಢಿ. ಅಂದರೆ 1,000ದಿಂದ 1,300 ಲೀಟರ್. ಪಂಪಿನ ಡಬ್ಬಿಯ ಮೇಲೆ ಬರೆದ ಸಂಖ್ಯೆ ನೆಚ್ಚಬೇಡಿ, ಎತ್ತರಕ್ಕೆ ಏರಿಸುವಾಗ ಅದು ಇಳಿಯುತ್ತದೆ. ಮೇಲೆ ನೀರು ಬೀಳುವ ಕಡೆ 10 ಲೀಟರಿನ ಬಕೆಟ್ ಹಿಡಿದು ಸಮಯ ನೋಡಿ. 30 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 1,200 ಲೀಟರ್. 18 ಸೆಕೆಂಡಾದರೆ 2,000. ನನ್ನದು 17 ಸೆಕೆಂಡಿಗೇ ತುಂಬಿತು! ಪಂಪಿನಿಂದ ಮೇಲೆ ಹೋಗುವ ಪೈಪಿನಲ್ಲಿ ವಾಲ್ವ್ ಇದ್ದರೆ ಸ್ವಲ್ಪ ತಿರುಗಿಸಿ ಕಡಿಮೆ ಮಾಡಿ. ಈ ಕಡೆಯ ವಾಲ್ವ್ ಮುಟ್ಟುವುದರಿಂದ ಪ್ರವಾಹದ ಭಯ ಇಲ್ಲ.

ಇಳಿಯುವ ಕಡೆಯ ಪೈಪಿನ ಕಥೆ ಬೇರೆ.

## ನಾನು ಮಾಡಿದ ದಡ್ಡತನ

ಬಾಯಿಗೆ ಬಟ್ಟೆ ತುರುಕಿದರೆ ಗೊರಕೆ ನಿಲ್ಲುತ್ತದೆ ಅನ್ನುವ ಲೆಕ್ಕದಲ್ಲಿ ಪೈಪಿನ ಬಾಯಿಗೆ ಒಂದು ಸ್ಪಂಜು ಸಿಕ್ಕಿಸಿದೆ. ನಿಜಕ್ಕೂ ನಿಂತಿತು. ನೆಮ್ಮದಿಯಾಗಿ ಮಲಗಿದೆ. ಬೆಳಗಿನ ಜಾವ ಕಾಲಿಟ್ಟರೆ ಹಾಲಿನ ಕಾರ್ಪೆಟ್ಟು ಪಚಪಚ. ಸ್ಪಂಜಿಗೆ ಮೀನಿನ ಕಸ, ಎಲೆ ಸೇರಿ ಅದು ಬಿಗಿಯಾಗುತ್ತಾ ಹೋಗಿತ್ತು. ಪಂಪ್ ಮಾತ್ರ ತನ್ನ ಪಾಡಿಗೆ ಸಂಪಿನ ನೀರನ್ನೆಲ್ಲ ಮೇಲಕ್ಕೆ ಎತ್ತುತ್ತಲೇ ಇತ್ತು. ಇಳಿಯುವ ದಾರಿ ಸಣ್ಣದಾದ ಮೇಲೆ ನೀರು ಟ್ಯಾಂಕಿನ ಅಂಚಿನಿಂದ ಹೊರಗೆ.

ಕೋಡಿಗೆ ಕಲ್ಲು ಅಡ್ಡ ಇಟ್ಟರೆ ಏರಿ ಒಡೆಯುತ್ತದೆ ಅಂತ ಹಳ್ಳಿಯ ಮಕ್ಕಳಿಗೂ ಗೊತ್ತು. ನನಗೆ ಆ ರಾತ್ರಿ ಹೊಳೆಯಲಿಲ್ಲ. ಒಂದೇ ಪೈಪು ಇರುವ ಟ್ಯಾಂಕಿನಲ್ಲಿ ಆ ಪೈಪಿಗೆ ವಾಲ್ವ್ ಹಾಕಿ ಬಿಗಿ ಮಾಡುವುದೂ ಇದೇ ತಪ್ಪು. ಒಂದು ಬಸವನಹುಳು ಒಳಗೆ ಹೋಗಿ ಸಿಕ್ಕಿಕೊಂಡರೂ ಸಾಕು.

## ಒಂದೇ ತೂತಿದ್ದರೆ: ಗಾಳಿಗೆ ಬೇರೆ ಬಾಗಿಲು

ಪೆಟ್ಟಿಗೆಯ ತಳದಲ್ಲಿ ಒಂದೇ ತೂತು ಇರುವವರಿಗೆ ಡರ್ಸೊ ಪೈಪ್ ಸರಿ. ಅದನ್ನು ರೂಪಿಸಿದ ಅಮೆರಿಕದ ಹವ್ಯಾಸಿ ರಿಚರ್ಡ್ ಡರ್ಸೊ ಅವರ ಹೆಸರೇ ಪೈಪಿಗೂ ಬಂದಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ತುಂಡುಗಳಲ್ಲೇ ಮಾಡಿಕೊಳ್ಳಬಹುದು.

ನೆಟ್ಟಗೆ ನಿಂತ ಪೈಪಿನ ತಲೆಗೆ ಮೂರು ಬಾಯಿಯ ಒಂದು ‘ಟೀ’ ತುಂಡು ಜೋಡಿಸಿ. ಅದರ ಪಕ್ಕದ ಬಾಯಿಗೆ ಕೆಳಮುಖವಾಗಿ ಒಂದು ಎಲ್ಬೋ, ಅಂದರೆ ಮೊಣಕೈಯಂತೆ ಬಗ್ಗಿದ ತುಂಡು ಹಾಕಿ. ನೋಡಲು ಆನೆ ಸೊಂಡಿಲು ಇಳಿಬಿಟ್ಟ ಹಾಗಿರಬೇಕು. ಸೊಂಡಿಲಿನ ತುದಿ ನೀರಿನೊಳಗೆ ಮುಳುಗಿರುತ್ತದೆ. ಟೀಯ ಮೇಲಿನ ಬಾಯಿಗೆ ಮುಚ್ಚಳ, ಆ ಮುಚ್ಚಳಕ್ಕೆ ಒಂದು ಸಣ್ಣ ತೂತು. ಇಷ್ಟೇ.

ಸೊಂಡಿಲು ನೀರನ್ನು ಮೇಲ್ಮೈಯಿಂದ ಎಳೆಯದೆ ಕೆಳಗಿನಿಂದ ಎಳೆಯುತ್ತದೆ. ಹಾಗಾಗಿ ಸುಳಿ ಎದ್ದು ಗಾಳಿ ನುಗ್ಗುವುದಿಲ್ಲ, ಎಳನೀರಿನ ‘ಸೊರ್ರ್’ ಇಲ್ಲ. ಪೈಪಿಗೆ ಬೇಕಾದ ಗಾಳಿ ಮುಚ್ಚಳದ ತೂತಿನಿಂದ ಬರುತ್ತದೆ. ಬಾಟಲಿಯ ತಳಕ್ಕೆ ಹೊಡೆದ ಮೊಳೆ ತೂತು ಅಂದೆನಲ್ಲ, ಅದೇ ಇದು. ಹನಿ ನೀರಾವರಿ ಇರುವ ಟೊಮೇಟೊ ತೋಟಗಳಲ್ಲಿ ಲೈನಿನ ಎತ್ತರದ ಜಾಗಕ್ಕೆ ಏರ್ ವಾಲ್ವ್ ಹಾಕುವುದೂ, ಮನೆಯ ಬಚ್ಚಲ ಪೈಪನ್ನು ತಾರಸಿಯ ಮೇಲಕ್ಕೆ ಎತ್ತಿ ಬಾಯಿ ತೆರೆದಿಡುವುದೂ ಗಾಳಿಗೆ ದಾರಿ ಬಿಡಲಿಕ್ಕೇ.

ಇಲ್ಲಿ ತಲೆನೋವು ಆ ತೂತಿನ ಅಳತೆ. ತೀರಾ ಚಿಕ್ಕದಾದರೆ ಗಾಳಿ ಸಾಲದೆ ಪೈಪು ತುಂಬಿ ಸೈಫನ್ ಆಗುತ್ತದೆ, ಮುರಿಯುತ್ತದೆ, ಹಳೆಯ ಸುತ್ತು ಮತ್ತೆ ಶುರು. ತೀರಾ ದೊಡ್ಡದಾದರೆ ಗಾಳಿ ಜಾಸ್ತಿಯಾಗಿ ಗುಳುಗುಳು ಉಳಿಯುತ್ತದೆ. 2 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡಬೇಕು. ಕೊರೆದದ್ದನ್ನು ಚಿಕ್ಕದು ಮಾಡಲು ಬರುವುದಿಲ್ಲ ನೋಡಿ. ಇದಕ್ಕಿಂತ ಸುಲಭದ ದಾರಿಯೂ ಇದೆ. ಗಾಳಿಯ ಪಂಪಿನ ತೆಳ್ಳನೆ ಟ್ಯೂಬು ಮತ್ತು ಅದಕ್ಕೆ ಹಾಕುವ ಪುಟ್ಟ ಪ್ಲಾಸ್ಟಿಕ್ ತಿರುಪಿನ ವಾಲ್ವ್ ಮೀನಿನ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಮುಚ್ಚಳದ ತೂತಿಗೆ ಆ ಟ್ಯೂಬು ಸಿಕ್ಕಿಸಿ, ವಾಲ್ವ್ ತಿರುಗಿಸುತ್ತಾ ಸದ್ದು ಅಡಗುವ ಜಾಗ ಹುಡುಕಿ. ಗಾಳಿಗೆ ವಾಲ್ವ್ ಹಾಕಬಹುದು, ನೀರಿಗೆ ಹಾಕಬಾರದು.

ಪೆಟ್ಟಿಗೆಯಲ್ಲಿ ಜಾಗ ಇದ್ದರೆ ನಿಂತ ಪೈಪನ್ನು ತಳದ ತೂತಿಗಿಂತ ಒಂದು ಅಳತೆ ದಪ್ಪದ್ದು ಹಾಕಿ. ತೂತು 1 ಇಂಚಾದರೆ ಪೈಪು ಒಂದೂಕಾಲು ಅಥವಾ ಒಂದೂವರೆ ಇಂಚು. ಗೋಡೆಯ ಉದ್ದಕ್ಕೂ ನೀರು ಜಾರಲು, ನಡುವೆ ಗಾಳಿ ಇರಲು ಜಾಗ ಸಿಗುತ್ತದೆ. ತುಂಡುಗಳಿಗೆ ಈಗಲೇ ಅಂಟಿಸುವ ಸೊಲ್ಯೂಷನ್ ಹಚ್ಚಬೇಡಿ. ಬಿಗಿಯಾಗಿ ಕೂರಿಸಿದರೆ ಸಾಕು, ನಾಳೆ ಬಿಚ್ಚಬೇಕಾಗುತ್ತದೆ.

ನಮ್ಮ ಬೋರ್ ನೀರಿನ ವಿಷಯ ಒಂದಿದೆ. ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಗೀಸರ್ ಕಾಯಿಲು, ನಲ್ಲಿ ಬಾಯಿ ಎಲ್ಲ ಕಡೆ ನೋಡಿದ್ದೇವೆ. ಈ 2 ಮಿ.ಮೀ. ತೂತನ್ನು ಅದು ಸುಮ್ನೆ ಬಿಡುತ್ತದೆಯೇ? ಮೂರು ತಿಂಗಳು ಮೌನವಾಗಿದ್ದ ಡರ್ಸೊ ಒಂದು ದಿನ ಇದ್ದಕ್ಕಿದ್ದ ಹಾಗೆ ‘ಸೊರ್ರ್’ ಅಂದರೆ ಮೊದಲು ತೂತು ನೋಡಿ. ಮುಚ್ಚಳ ಬಿಚ್ಚಿ ವಿನೆಗರ್‌ನಲ್ಲೋ ನಿಂಬೆರಸದಲ್ಲೋ ನೆನೆಸಿಟ್ಟು ತೊಳೆದರೆ ಪೊರೆ ಬಿಡುತ್ತದೆ.

## ಎರಡು ತೂತಿದ್ದರೆ: ನೀರುಗಂಟಿಯ ಕೆಲಸ

ಪೂರ್ತಿ ಮೌನ ಬೇಕೆಂದರೆ ಗಾಳಿಯನ್ನು ಹೊರಗಿಡುವ ದಾರಿ. ಹವ್ಯಾಸಿಗಳು ಇದಕ್ಕೆ ಹರ್ಬಿ ಪದ್ಧತಿ ಎನ್ನುತ್ತಾರೆ. ಇದಕ್ಕೆ ಎರಡು ಪೈಪು ಬೇಕೇ ಬೇಕು.

ಮೊದಲನೆಯದು ಗಿಡ್ಡ ಪೈಪು. ಅದರ ಬಾಯಿ ಪೆಟ್ಟಿಗೆಯ ನೀರಿನಲ್ಲಿ ಆಳಕ್ಕೆ ಮುಳುಗಿರುತ್ತದೆ. ಟ್ಯಾಂಕಿನ ಕೆಳಗೆ ಕೈಗೆ ಸಿಗುವ ಕಡೆ ಈ ಪೈಪಿಗೆ ಒಂದು ಗೇಟ್ ವಾಲ್ವ್. ಎರಡನೆಯದು ಉದ್ದದ ಪೈಪು, ಬಾಯಿ ಇನ್ನೂ ಮೇಲೆ, ವಾಲ್ವ್ ಇಲ್ಲ, ಮುಚ್ಚಳ ಇಲ್ಲ. ಅದು ಆಪತ್ತಿಗೆ. ಹಳೆಯ ಭಾಷೆಯಲ್ಲಿ ಹೇಳಬೇಕೆಂದರೆ ಗಿಡ್ಡ ಪೈಪು ತೂಬು, ಉದ್ದದ್ದು ಕೋಡಿ. ಕೆರೆಯ ನೀರು ಬಿಡುವ ನೀರುಗಂಟಿ ತೂಬನ್ನು ಎಷ್ಟು ಎತ್ತಬೇಕೋ ಅಷ್ಟೇ ಎತ್ತುತ್ತಾನೆ. ಕೋಡಿಯನ್ನು ಮಾತ್ರ ಮುಟ್ಟುವುದಿಲ್ಲ.

ಹೊಂದಿಸುವುದು ಹೀಗೆ. ವಾಲ್ವ್ ಪೂರ್ತಿ ತೆರೆದು ಪಂಪ್ ಹಾಕಿ. ಪೈಪಿನ ಗಾಳಿ ಎಲ್ಲ ಬುಳುಬುಳು ಅಂತ ಸಂಪಿನ ಕಡೆ ಹೊರಬೀಳುತ್ತದೆ. ಆಮೇಲೆ ವಾಲ್ವನ್ನು ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬನ್ನಿ. ಪೆಟ್ಟಿಗೆಯಲ್ಲಿ ನೀರು ಏರುತ್ತದೆ. ಗಿಡ್ಡ ಪೈಪಿನ ಬಾಯಿಗಿಂತ ಒಂದು ಗೇಣು ಮೇಲೆ, ಉದ್ದದ ಪೈಪಿನ ಬಾಯಿಗಿಂತ ಕೊಂಚ ಕೆಳಗೆ ನಿಂತರೆ ಸರಿ. ಪಂಪ್ ಎಷ್ಟು ಕೊಡುತ್ತದೋ ಪೈಪು ಅಷ್ಟೇ ಇಳಿಸುತ್ತದೆ. ಪೈಪು ತುಂಬಿದೆ, ಗಾಳಿಗೆ ಬಾಗಿಲಿಲ್ಲ. ಒಂದು ಸಲ ತಿರುಗಿಸಿದ ಮೇಲೆ ಐದಾರು ನಿಮಿಷ ಕಾದು ನೋಡಬೇಕು, ಮಟ್ಟ ಕೂಡಲೇ ನಿಲ್ಲುವುದಿಲ್ಲ. ನನಗೆ ಒಂದು ಭಾನುವಾರದ ಬೆಳಗೆಲ್ಲ ಹಿಡಿಯಿತು. ಕಾಫಿ ಎರಡು ಸಲ ತಣ್ಣಗಾಯಿತು.

ಗೇಟ್ ವಾಲ್ವ್ ಯಾಕೆ ಅಂದರೆ, ಅದರ ಚಕ್ರವನ್ನು ಹಲವು ಸುತ್ತು ತಿರುಗಿಸಬೇಕು. ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಬಹುದು. ತೋಟದ ಬಾಲ್ ವಾಲ್ವ್ ಕಾಲು ಸುತ್ತಿಗೆ ಪೂರ್ತಿ ಮುಚ್ಚುತ್ತದೆ. ಅದರಲ್ಲಿ ಈ ಸೂಕ್ಷ್ಮ ಬರುವುದಿಲ್ಲ.

ಟ್ಯಾಂಕಿನಲ್ಲಿ ಒಂದು ತೂತು ನೀರಿಳಿಯಲು, ಇನ್ನೊಂದು ಪಂಪಿನ ನೀರು ಮೇಲೆ ಬರಲು ಅಂತ ಇರುವುದು ಸಾಮಾನ್ಯ. ನಮ್ಮದೂ ಹಾಗೇ ಇತ್ತು. ನಾನು ಪಂಪಿನ ಪೈಪನ್ನು ಟ್ಯಾಂಕಿನ ಹಿಂದಿನಿಂದ ಗಾಜಿನ ಅಂಚಿನ ಮೇಲೆ ಹಾಯಿಸಿ ಒಳಗೆ ಬಿಟ್ಟೆ. ಖಾಲಿಯಾದ ತೂತು ಆಪತ್ತಿನ ಪೈಪಿಗೆ ಸಿಕ್ಕಿತು. ಹೊಸ ತೂತು ಕೊರೆಯುವ ಗೋಜಿಲ್ಲ. ಟಫನ್ಡ್ ಗಾಜಾದರೆ ಕೊರೆಯಲು ಹೋಗಲೇಬಾರದು, ಪುಡಿಪುಡಿಯಾಗುತ್ತದೆ.

ಮೂರು ಪೈಪಿನ ಇನ್ನೊಂದು ಪದ್ಧತಿಯೂ ಇದೆ, ಬೀನ್ ಅನಿಮಲ್ ಅಂತ ಅದರ ಹೆಸರು. ಒಂದು ತುಂಬಿದ ಪೈಪು, ಒಂದು ಡರ್ಸೊ ಥರದ್ದು, ಒಂದು ಒಣಗಿದ ಆಪತ್ತಿನ ಪೈಪು. ಪಂಪಿನ ಏರಿಳಿತವನ್ನು ಎರಡನೆಯದು ತಾನೇ ಸರಿದೂಗಿಸುತ್ತದೆ, ವಾಲ್ವನ್ನು ಪದೇ ಪದೇ ಮುಟ್ಟಬೇಕಾಗಿಲ್ಲ. ದೊಡ್ಡ ಟ್ಯಾಂಕ್ ಹೊಸದಾಗಿ ಮಾಡಿಸುವವರು ಮೂರು ತೂತು ಹಾಕಿಸುವುದೇ ಒಳ್ಳೆಯದು.

ತೂತೇ ಇಲ್ಲದ ಟ್ಯಾಂಕಿಗೆ ಅಂಚಿಗೆ ನೇತುಹಾಕುವ, ಬಗ್ಗಿದ ಟ್ಯೂಬಿನ ಪೆಟ್ಟಿಗೆಗಳು ಸಿಗುತ್ತವೆ. ಆ ಟ್ಯೂಬಿನ ನೆತ್ತಿಯಲ್ಲಿ ನಿಧಾನಕ್ಕೆ ಗಾಳಿ ಸೇರಿ ಸೈಫನ್ ಮುರಿದರೆ ಪಂಪ್ ಎತ್ತಿದ ನೀರೆಲ್ಲ ನೆಲಕ್ಕೆ. ನಾನಂತೂ ಮನೆಯೊಳಗೆ ಇಡುವುದಿಲ್ಲ.

## ಪೈಪಿನ ಕೆಳಗಿನ ತುದಿ

ಸಂಪಿನಲ್ಲಿ ಪೈಪು ನೀರಿನ ಮೇಲೆ ಗಾಳಿಯಲ್ಲಿ ಕೊನೆಯಾದರೆ ಅಂತರಗಂಗೆ. ತುಂಬ ಆಳಕ್ಕೆ ಮುಳುಗಿಸಿದರೆ ಒಳಗಿನ ಗಾಳಿ ಹೊರಬರಲು ಒದ್ದಾಡಿ ದೊಡ್ಡ ದೊಡ್ಡ ತೇಗು ತೇಗುತ್ತದೆ. ಎರಡು ಮೂರು ಸೆಂ.ಮೀ. ಮುಳುಗಿದರೆ ಸಾಕು. ಡರ್ಸೊ ಪೈಪಾದರೆ ಗಾಳಿ ಸದಾ ಬರುತ್ತಿರುತ್ತದೆ, ಅದಕ್ಕೆ ನೀರಿನ ಮಟ್ಟದ ಮೇಲ್ಗಡೆ ಪೈಪಿಗೆ ಒಂದೆರಡು ತೂತು ಹೊಡೆದರೆ ಗುಳ್ಳೆ ಆಗುವ ಮೊದಲೇ ಗಾಳಿ ಹೊರಗೆ ಹೋಗುತ್ತದೆ. ಬಟ್ಟೆಯ ಫಿಲ್ಟರ್ ಚೀಲದೊಳಗೆ ಪೈಪು ಬಿಟ್ಟರೂ ಸದ್ದು ಮೆತ್ತಗಾಗುತ್ತದೆ. ಬೆಂಡು ಹಾಕುವಾಗ ನೇರ ಮೂಲೆಯ ಎಲ್ಬೋ ಬದಲು ಎರಡು ಅರೆಬೆಂಡು ಹಾಕಿ. ಅಡ್ಡಲಾಗಿ ಮಲಗಿದ ಪೈಪು ಬೇಡ.

ಆಪತ್ತಿನ ಪೈಪಿನ ತುದಿಯನ್ನು ಮಾತ್ರ ಬೇಕೆಂದೇ ನೀರಿನ ಮೇಲೆ ಬಿಡಿ. ಅದರಲ್ಲಿ ನೀರು ಬಂದರೆ ಜೋರಾಗಿ ಸದ್ದಾಗಬೇಕು. ಆ ಸದ್ದು ಕೇಳಿದರೆ ಗಿಡ್ಡ ಪೈಪು ಎಲ್ಲೋ ಕಟ್ಟಿಕೊಂಡಿದೆ ಅಂತ ಅರ್ಥ.

## ಕರೆಂಟ್ ಹೋದಾಗ

ನಮ್ಮ ಊರಿನಲ್ಲಿ ಇದನ್ನು ಬಿಟ್ಟು ಮಾತಾಡುವಂತಿಲ್ಲ. ಪಂಪ್ ನಿಂತಾಗ ಮೇಲಿನ ಟ್ಯಾಂಕಿನ ನೀರು ಪೆಟ್ಟಿಗೆಯ ಹಲ್ಲುಗಳ ಮಟ್ಟದವರೆಗೆ ಇಳಿದು ಸಂಪಿಗೆ ಬರುತ್ತದೆ. ನಮ್ಮ ಅಳತೆಯ ಟ್ಯಾಂಕಿನಲ್ಲಿ ಒಂದೊಂದು ಸೆಂ.ಮೀ. ನೀರೂ ಐದೂವರೆ ಲೀಟರಿಗೆ ಮೇಲೆ. 3 ಸೆಂ.ಮೀ. ಇಳಿದರೆ ಸುಮಾರು 17 ಲೀಟರ್. ಜೊತೆಗೆ ಹರ್ಬಿ ಪದ್ಧತಿಯಲ್ಲಿ ಪೆಟ್ಟಿಗೆಯಲ್ಲಿ ನಿಂತ ನೀರೂ ಇಳಿಯುತ್ತದೆ. ಪಂಪಿನ ಪೈಪಿನ ಮೇಲಿನ ತುದಿ ನೀರಿನಲ್ಲಿ ಮುಳುಗಿದ್ದರೆ ಅದು ಹಿಮ್ಮುಖವಾಗಿ ಸೈಫನ್ ಆಗಿ ಇನ್ನಷ್ಟು ಎಳೆಯುತ್ತದೆ. ಅದಕ್ಕೇ ಆ ಪೈಪಿಗೆ ನೀರಿನ ಮೇಲ್ಮೈಗೆ ತಾಗಿದಂತೆ ಒಂದು ಸಣ್ಣ ತೂತು ಹೊಡೆಯಬೇಕು. ಮಟ್ಟ ಚೂರು ಇಳಿದರೆ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಪಾಚಿ, ಬಿಳಿ ಪೊರೆ ಕಟ್ಟದಂತೆ ಆಗಾಗ ನೋಡಿ.

ಇಷ್ಟೂ ನೀರು ಹಿಡಿಯುವಷ್ಟು ಖಾಲಿ ಜಾಗ ಸಂಪಿನಲ್ಲಿ ಇರಬೇಕು. ಊಹೆ ಬೇಡ. ಎಲ್ಲ ಹೊಂದಿಸಿದ ಮೇಲೆ ಪಂಪಿನ ಸ್ವಿಚ್ ಆರಿಸಿ ನಿಂತು ನೋಡಿ, ಸಂಪಿನ ನೀರು ಎಲ್ಲಿಯವರೆಗೆ ಬಂತು ಅಂತ ಗಾಜಿಗೆ ಮಾರ್ಕರ್‌ನಲ್ಲಿ ಗೆರೆ ಹಾಕಿ. ಮತ್ತೆ ಹಾಕಿ. ಹೀಗೆ ನಾಲ್ಕೈದು ಸಲ. ಮನೆಯಲ್ಲಿ ಯಾರೂ ಇಲ್ಲದಾಗ ಕರೆಂಟ್ ಹೋಗಿ ಬಂದರೂ ಅದು ತಾನಾಗಿ ಸರಿಹೋಗಬೇಕು. ಸಂಪಿನ ಪಕ್ಕದ ವೈರುಗಳನ್ನು ಪ್ಲಗ್ಗಿಗಿಂತ ಕೆಳಗೆ ಜೋಲುಬಿಟ್ಟು ಮೇಲಕ್ಕೆ ತನ್ನಿ. ವೈರಿನಗುಂಟ ಜಾರಿದ ಹನಿ ನೆಲಕ್ಕೆ ಬೀಳಲಿ, ಪ್ಲಗ್ಗಿಗೆ ಬೇಡ.

ಈಗ ನಮ್ಮ ಟ್ಯಾಂಕಿನಿಂದ ಸದ್ದೇ ಇಲ್ಲ. ನಡುರಾತ್ರಿ ಕರೆಂಟ್ ಹೋಗಿ ಬಂದಾಗ ಮಾತ್ರ ಪೈಪು ಅರ್ಧ ನಿಮಿಷ ಬಾಯಿ ಮುಕ್ಕಳಿಸಿ, ಒಳಗಿನ ಗಾಳಿ ಉಗುಳಿ ಸುಮ್ಮನಾಗುತ್ತದೆ. “ಕರೆಂಟ್ ಬಂತು” ಅಂತ ಹೆಂಡತಿ ನಿದ್ದೆಗಣ್ಣಿನಲ್ಲೇ ಹೇಳಿ ಮಗ್ಗಲು ಬದಲಿಸುತ್ತಾಳೆ.